ಹಂಚಿಕೆಯ ಹೋಸ್ಟಿಂಗ್ ಖಾತೆಯಲ್ಲಿ ಚಾಟ್ ತಂತ್ರಾಂಶ: ಹೊರೆ, ಹೊಣೆ ಮತ್ತು ದಾಖಲೆ

ಪೀಠಿಕೆ

ಸ್ವಂತ ಜಾಲತಾಣ ಹೊಂದಿರುವ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರು ಅದರಲ್ಲಿ ಚಾಟ್ ಸೌಲಭ್ಯವನ್ನೂ ಅಳವಡಿಸಲು ಆಸಕ್ತಿ ತೋರುತ್ತಿದ್ದಾರೆ. ಪರ ಊರಿನ ಗ್ರಾಹಕನು ಜಾಲತಾಣದ ಮೂಲೆಯಲ್ಲಿರುವ ಪುಟ್ಟ ಪೆಟ್ಟಿಗೆಯಲ್ಲಿ ತನ್ನ ಪ್ರಶ್ನೆಯನ್ನು ಬರೆದರೆ, ನಮ್ಮ ಕಚೇರಿಯ ಸಿಬ್ಬಂದಿ ಕೂಡಲೇ ಉತ್ತರಿಸುವ ವ್ಯವಸ್ಥೆ ಇದು. ದೂರವಾಣಿ ಕರೆಗೆ ಸಂಕೋಚಪಡುವವರೂ ಇಲ್ಲಿ ನಿಸ್ಸಂಕೋಚವಾಗಿ ದರ ವಿಚಾರಿಸುತ್ತಾರೆ. ಈ ಕೆಲಸಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಕೆಲವು ಉಚಿತವಾಗಿಯೂ ಲಭ್ಯವಿವೆ. ಹೇಗೂ ಹೋಸ್ಟಿಂಗ್ ಖಾತೆ ಇದೆಯಲ್ಲ, ಅದರಲ್ಲಿಯೇ ಹಾಕಿಬಿಡೋಣ ಎಂಬ ಸಲಹೆ ಜಾಲತಾಣ ರೂಪಿಸುವವರಿಂದ ಬರುವುದು ಸಹಜ.

ಸಲಹೆ ತಪ್ಪೇನಲ್ಲ. ಆದರೆ ಅಳವಡಿಸುವ ವೆಚ್ಚವನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ. ಚಾಟ್ ತಂತ್ರಾಂಶವು ಹಂಚಿಕೆಯ ಖಾತೆಯ ಮೇಲೆ ಹೊರುವ ಹೊರೆ ಒಂದು ಬಗೆಯದಾದರೆ, ಅಲ್ಲಿ ಆಡಿದ ಮಾತು ಸಂಸ್ಥೆಯ ಮೇಲೆ ಹೊರಿಸುವ ಹೊಣೆ ಇನ್ನೊಂದು ಬಗೆಯದು. ಈ ಎರಡನ್ನೂ ಅಳೆದು ನೋಡುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಹಂಚಿಕೆಯ ಖಾತೆ ಎಂದರೇನು?

ಜಾಲತಾಣದ ಕಡತಗಳು ಸದಾ ಚಾಲನೆಯಲ್ಲಿರುವ ಒಂದು ಗಣಕಯಂತ್ರದಲ್ಲಿ, ಅಂದರೆ ಸರ್ವರ್‌ನಲ್ಲಿ ಇರಬೇಕು. ಒಂದೇ ಸರ್ವರ್‌ನಲ್ಲಿ ಅನೇಕ ಗ್ರಾಹಕರ ಜಾಲತಾಣಗಳನ್ನು ಇರಿಸಿ, ವೆಚ್ಚವನ್ನು ಎಲ್ಲರಿಗೂ ಹಂಚುವ ಪದ್ಧತಿಗೆ ಹಂಚಿಕೆಯ ಹೋಸ್ಟಿಂಗ್ ಅಥವಾ ಶೇರ್ಡ್ ಹೋಸ್ಟಿಂಗ್ ಎಂದು ಹೆಸರು. ವಾಣಿಜ್ಯ ಸಂಕೀರ್ಣದಲ್ಲಿ ಒಂದು ಮಳಿಗೆಯನ್ನು ಬಾಡಿಗೆಗೆ ಪಡೆದಂತೆ ಇದು. ಮಳಿಗೆ ನಮ್ಮದೇ, ಬೀಗವೂ ನಮ್ಮದೇ. ಆದರೆ ನೀರಿನ ತೊಟ್ಟಿ, ವಿದ್ಯುತ್ ಸಂಪರ್ಕ ಮತ್ತು ಮೆಟ್ಟಿಲು ಎಲ್ಲರಿಗೂ ಸೇರಿದವು. ಒಬ್ಬರು ಇಡೀ ದಿನ ನಲ್ಲಿ ತೆರೆದಿಟ್ಟರೆ ಉಳಿದವರಿಗೆ ನೀರಿಲ್ಲ.

ಈ ಕಾರಣದಿಂದಲೇ ಹೋಸ್ಟಿಂಗ್ ಸಂಸ್ಥೆಗಳು ಪ್ರತಿ ಖಾತೆಗೂ ಮಿತಿಗಳನ್ನು ವಿಧಿಸುತ್ತವೆ. ಹಂಚಿಕೆಯ ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಕ್ಲೌಡ್‌ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಸಂಸ್ಕಾರಕದ ವೇಗ, ಮೆಮೊರಿ, ಡಿಸ್ಕ್ ಓದುಬರಹದ ವೇಗ, ಒಟ್ಟು ಪ್ರಕ್ರಿಯೆಗಳ ಸಂಖ್ಯೆ ಇವೆಲ್ಲಕ್ಕೂ ಪ್ರತ್ಯೇಕ ಮಿತಿಗಳಿವೆ. ಅವುಗಳಲ್ಲಿ ಚಾಟ್ ವಿಷಯಕ್ಕೆ ಅತಿ ಮುಖ್ಯವಾದುದು ಎಂಟ್ರಿ ಪ್ರೋಸೆಸ್ ಮಿತಿ. ಒಂದೇ ಕ್ಷಣದಲ್ಲಿ ನಮ್ಮ ಖಾತೆಯೊಳಗೆ ಚಾಲನೆಯಲ್ಲಿರಬಹುದಾದ ಕೋರಿಕೆಗಳ ಸಂಖ್ಯೆ ಇದು. ಹೋಸ್ಟಿಂಗ್ ಸಂಸ್ಥೆ ಬೇರೆ ಸಂಖ್ಯೆಯನ್ನು ನಿಗದಿಪಡಿಸದಿದ್ದಲ್ಲಿ ಇದು 20 ಇರುತ್ತದೆ. ಮಿತಿ ದಾಟಿದರೆ ಸಂದರ್ಶಕನಿಗೆ 508 ಸಂಖ್ಯೆಯ ದೋಷ ಸೂಚನೆ ಕಾಣಿಸುತ್ತದೆ, ಜಾಲತಾಣ ತೆರೆಯುವುದಿಲ್ಲ.

ಜಾಹೀರಾತುಗಳಲ್ಲಿ ಕಾಣುವ "ಅನಿಯಮಿತ ಸ್ಥಳ, ಅನಿಯಮಿತ ದತ್ತಾಂಶ ಸಾಗಣೆ" ಎಂಬ ಮಾತುಗಳು ಈ ಮಿತಿಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಮಿತಿಗಳ ವಿವರ ಖಾತೆಯ ನಿಯಂತ್ರಣ ಫಲಕದಲ್ಲಿ, ಉದಾಹರಣೆಗೆ ಸಿ-ಪ್ಯಾನೆಲ್‌ನ ಸಂಪನ್ಮೂಲ ಬಳಕೆ ಪುಟದಲ್ಲಿ, ಸಾಮಾನ್ಯವಾಗಿ ದೊರೆಯುತ್ತದೆ.

2. ಚಾಟ್ ತಂತ್ರಾಂಶದ ಸ್ವಭಾವ

ಸಾಮಾನ್ಯ ಜಾಲಪುಟದ ವ್ಯವಹಾರ ಅಂಚೆಯಂತೆ. ಸಂದರ್ಶಕ ಪುಟ ಕೇಳುತ್ತಾನೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಚಾಟ್‌ನಲ್ಲಿ ಹಾಗಲ್ಲ. ನಮ್ಮ ಸಿಬ್ಬಂದಿಯ ಉತ್ತರ ಯಾವ ಕ್ಷಣದಲ್ಲಾದರೂ ಬರಬಹುದು. ಅದು ಗ್ರಾಹಕನ ಪರದೆಯ ಮೇಲೆ ತಾನಾಗಿ ಮೂಡಬೇಕು. ಇದನ್ನು ಸಾಧಿಸಲು ಮೂರು ವಿಧಾನಗಳಿವೆ.

(ಅ) ಪುನಃ ಪುನಃ ವಿಚಾರಿಸುವ ವಿಧಾನ: ಗ್ರಾಹಕನ ಬ್ರೌಸರ್ ಕೆಲವು ಸೆಕೆಂಡುಗಳಿಗೊಮ್ಮೆ "ಹೊಸ ಸಂದೇಶವಿದೆಯೇ?" ಎಂದು ಸರ್ವರ್ ಅನ್ನು ಕೇಳುತ್ತಿರುತ್ತದೆ. ಇದಕ್ಕೆ ಪೋಲಿಂಗ್ ಎಂದು ಹೆಸರು.

(ಆ) ಕಾದು ಕುಳಿತುಕೊಳ್ಳುವ ವಿಧಾನ: ಬ್ರೌಸರ್ ಒಮ್ಮೆ ಕೇಳುತ್ತದೆ, ಹೊಸ ಸಂದೇಶ ಬರುವವರೆಗೆ ಅಥವಾ ನಿಗದಿತ ಅವಧಿ ಮುಗಿಯುವವರೆಗೆ ಸರ್ವರ್ ಉತ್ತರ ಕೊಡದೆ ಕೋರಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಲಾಂಗ್ ಪೋಲಿಂಗ್.

(ಇ) ನಿರಂತರ ಸಂಪರ್ಕದ ವಿಧಾನ: ಎರಡೂ ಕಡೆಯವರು ಬೇಕೆಂದಾಗ ಮಾತನಾಡಬಹುದಾದ ತೆರೆದ ಮಾರ್ಗ. 2011ರ ಡಿಸೆಂಬರ್‌ನಲ್ಲಿ ಪ್ರಮಾಣಕವಾಗಿ ಪ್ರಕಟಗೊಂಡ ವೆಬ್‌ಸಾಕೆಟ್ ಇಂತಹುದು. ತಾಂತ್ರಿಕವಾಗಿ ಇದೇ ಉತ್ತಮ. ಆದರೆ ಇದಕ್ಕೆ ಸರ್ವರ್‌ನಲ್ಲಿ ಸದಾ ಚಾಲನೆಯಲ್ಲಿರುವ ಒಂದು ಪ್ರತ್ಯೇಕ ಕಾರ್ಯಕ್ರಮ ಬೇಕು. ಹಂಚಿಕೆಯ ಖಾತೆಗಳಲ್ಲಿ ಅಂತಹ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ.

ಚಾಟ್ ಬಗ್ಗೆ ಹೋಸ್ಟಿಂಗ್ ಸಂಸ್ಥೆಗಳ ಬಿಗುಮಾನ ಹೊಸದೇನಲ್ಲ. 2000ದ ದಶಕದಲ್ಲಿಯೇ ಅನೇಕ ಸಂಸ್ಥೆಗಳು ಚಾಟ್ ಕಾರ್ಯಕ್ರಮಗಳನ್ನು ತಮ್ಮ ಬಳಕೆಯ ಷರತ್ತುಗಳಲ್ಲಿ ನೇರವಾಗಿ ನಿಷೇಧಿಸಿದ್ದವು. ಇಂದಿಗೂ ಕೆಲವು ಷರತ್ತು ಪತ್ರಗಳಲ್ಲಿ ಅಂತಹ ವಾಕ್ಯಗಳು ಉಳಿದುಕೊಂಡಿವೆ. ಷರತ್ತು ಉಲ್ಲಂಘನೆಯಾದರೆ ಖಾತೆಯನ್ನೇ ಅಮಾನತುಗೊಳಿಸುವ ಅಧಿಕಾರ ಹೋಸ್ಟಿಂಗ್ ಸಂಸ್ಥೆಗಿರುತ್ತದೆ. ನಮ್ಮ ಇ-ಮೇಲ್ ಪೆಟ್ಟಿಗೆಗಳೂ ಅದೇ ಖಾತೆಯಲ್ಲಿದ್ದರೆ ಅವೂ ಸ್ಥಗಿತಗೊಳ್ಳಬಹುದು. ಒಂದು ಚಾಟ್ ಪೆಟ್ಟಿಗೆಯ ದೆಸೆಯಿಂದ ಖರೀದಿ ಆದೇಶಗಳು ಬರುವ ಇ-ಮೇಲ್ ನಿಂತುಹೋಗುವುದು ಯಾವ ವ್ಯಾಪಾರಿಗೂ ಬೇಡವಾದ ಸಂಗತಿ.

3. ಹೊರೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ನೋಡೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೃಷಿ ಪಂಪುಗಳ ಬಿಡಿಭಾಗ ತಯಾರಿಸುವ ಘಟಕವೊಂದಿದೆ ಎಂದಿಟ್ಟುಕೊಳ್ಳೋಣ. ಅದರ ಹೋಸ್ಟಿಂಗ್ ಶುಲ್ಕ ವರ್ಷಕ್ಕೆ ರೂ. 3,600, ಎಂಟ್ರಿ ಪ್ರೋಸೆಸ್ ಮಿತಿ 20. ಬೇಸಿಗೆಯಲ್ಲಿ ಬೇಡಿಕೆ ಹೆಚ್ಚಿದಾಗ ಒಂದೇ ವೇಳೆಗೆ 25 ಜನ ವಿತರಕರು ಜಾಲತಾಣ ತೆರೆದಿಟ್ಟುಕೊಂಡಿರುತ್ತಾರೆ. ಚಾಟ್ ತಂತ್ರಾಂಶವು 3 ಸೆಕೆಂಡಿಗೊಮ್ಮೆ ವಿಚಾರಿಸುವಂತೆ ಹೊಂದಿಸಲಾಗಿದೆ.

ಒಂದು ಪುಟದಿಂದ ನಿಮಿಷಕ್ಕೆ 20 ಕೋರಿಕೆ. 25 ಪುಟಗಳಿಂದ ನಿಮಿಷಕ್ಕೆ 500, ಗಂಟೆಗೆ 30,000. ಅದೇ 25 ಜನ ತಲಾ 5 ಪುಟಗಳನ್ನು ಓದಿ ಹೋಗಿದ್ದರೆ ಒಟ್ಟು ಕೇವಲ 125 ಪುಟಗಳ ಕೋರಿಕೆ. ಒಂದೂ ಮಾತು ಆಡದಿದ್ದರೂ ಚಾಟ್ ಪೆಟ್ಟಿಗೆ ಇಷ್ಟು ಹೊರೆ ಹೊರಿಸುತ್ತದೆ ಎಂಬುದು ಇಲ್ಲಿ ಮುಖ್ಯ.

ಒಂದೇ ಕ್ಷಣದಲ್ಲಿ ಎಷ್ಟು ಕೋರಿಕೆಗಳು ಚಾಲನೆಯಲ್ಲಿರುತ್ತವೆ ಎಂದು ತಿಳಿಯಲು ಸೆಕೆಂಡಿಗೆ ಬರುವ ಕೋರಿಕೆಗಳನ್ನು, ಒಂದು ಕೋರಿಕೆಗೆ ತಗಲುವ ಸೆಕೆಂಡುಗಳಿಂದ ಗುಣಿಸಬೇಕು. ನಿಮಿಷಕ್ಕೆ 500 ಎಂದರೆ ಸೆಕೆಂಡಿಗೆ ಸುಮಾರು 8.3. ಪ್ರತಿ ಕೋರಿಕೆ 0.2 ಸೆಕೆಂಡಿನಲ್ಲಿ ಮುಗಿದರೆ ಸರಾಸರಿ ಎರಡಕ್ಕಿಂತ ಕಡಿಮೆ. ಮಿತಿ 20 ಇರುವಾಗ ಚಿಂತೆಯಿಲ್ಲ. ಅಳವಡಿಸಿದ ಮೊದಲ ತಿಂಗಳು ಎಲ್ಲವೂ ಸುಗಮವಾಗಿ ನಡೆಯುವುದು ಈ ಕಾರಣದಿಂದ.

ಆದರೆ ಕಾಲಕ್ರಮೇಣ ಸಂದೇಶಗಳ ಕೋಷ್ಟಕ ಬೆಳೆಯುತ್ತದೆ. ಹೊಸ ಸಂದೇಶ ಹುಡುಕಲು ಪ್ರತಿ ಬಾರಿ ಇಡೀ ಕೋಷ್ಟಕವನ್ನು ತಡಕಾಡುವಂತೆ ತಂತ್ರಾಂಶ ಬರೆದಿದ್ದರೆ, ಅಥವಾ ಅದೇ ಸರ್ವರ್‌ನ ನೆರೆಯ ಖಾತೆಗಳಲ್ಲಿ ಒತ್ತಡವಿದ್ದರೆ, 0.2 ಸೆಕೆಂಡು 3 ಸೆಕೆಂಡಾಗಬಹುದು. ಆಗ 8.3ನ್ನು 3ರಿಂದ ಗುಣಿಸಿದರೆ 25. ಮಿತಿ ದಾಟಿತು. 508 ದೋಷ ಸೂಚನೆ ಚಾಟ್ ಪೆಟ್ಟಿಗೆಗಷ್ಟೇ ಸೀಮಿತವಲ್ಲ. ಬೆಲೆಪಟ್ಟಿಯ ಪುಟ ತೆರೆಯಲು ಬಂದ ಹೊಸ ವಿತರಕನಿಗೂ ಅದೇ ಗತಿ. ಮೆಮೊರಿಯ ಸ್ಥಿತಿಯೂ ಹಾಗೆಯೇ. ಪ್ರತಿ ಪ್ರಕ್ರಿಯೆಗೆ 40 ಎಂ.ಬಿ. ಎಂದು ಹಿಡಿದರೆ 25 ಪ್ರಕ್ರಿಯೆಗಳಿಗೆ 1,000 ಎಂ.ಬಿ. ಬೇಕು.

ಲಾಂಗ್ ಪೋಲಿಂಗ್ ವಿಧಾನದಲ್ಲಿ ಕೋರಿಕೆಗಳ ಸಂಖ್ಯೆ ತೀರ ಕಡಿಮೆ ಎಂದು ಹೇಳಿ ಅದನ್ನು ಶಿಫಾರಸು ಮಾಡುವವರಿದ್ದಾರೆ. ಹಂಚಿಕೆಯ ಖಾತೆಯಲ್ಲಿ ಇದು ಇನ್ನೂ ಅಪಾಯಕರ. ಪ್ರತಿ ತೆರೆದ ಪುಟವೂ ಒಂದು ಸ್ಥಾನವನ್ನು ಸತತವಾಗಿ ಹಿಡಿದಿಟ್ಟುಕೊಳ್ಳುವುದರಿಂದ 20 ಜನ ಬಂದೊಡನೆ ಮನೆ ಭರ್ತಿ. 21ನೆಯವನಿಗೆ ಬಾಗಿಲು ಮುಚ್ಚಿರುತ್ತದೆ.

ಪರಿಹಾರ ಸರಳವಾಗಿದೆ. ಪುಟ ತೆರೆದ ಮಾತ್ರಕ್ಕೆ ವಿಚಾರಣೆ ಆರಂಭವಾಗದೆ, ಗ್ರಾಹಕನು ಚಾಟ್ ಪೆಟ್ಟಿಗೆಯನ್ನು ಒತ್ತಿ ತೆರೆದ ನಂತರವೇ ಆರಂಭವಾಗುವಂತೆ ಹೊಂದಿಸಬೇಕು. 25 ಜನರಲ್ಲಿ 4 ಜನ ಮಾತ್ರ ಮಾತನಾಡಿದರೆ ನಿಮಿಷಕ್ಕೆ 500ರ ಬದಲು 80 ಕೋರಿಕೆ. ಪ್ರತಿ ಕೋರಿಕೆಗೆ 3 ಸೆಕೆಂಡು ಹಿಡಿದರೂ ಚಾಲನೆಯಲ್ಲಿರುವುದು ಸರಾಸರಿ ನಾಲ್ಕೇ. ಇದರ ಜೊತೆಗೆ ಮಾತು ನಿಂತು ಕೆಲ ಹೊತ್ತಾದ ಮೇಲೆ ವಿಚಾರಣೆಯ ಅಂತರವನ್ನು 10 ಸೆಕೆಂಡಿಗೆ ಏರಿಸುವುದು, ಗ್ರಾಹಕ ಬೇರೆ ಪುಟಕ್ಕೆ ಹೊರಳಿದಾಗ ನಿಲ್ಲಿಸುವುದು, ಸಂದೇಶಗಳ ಕೋಷ್ಟಕಕ್ಕೆ ಸೂಚಿಯನ್ನು ರಚಿಸುವುದು, ಹಳೆಯ ಸಂಭಾಷಣೆಗಳನ್ನು ತಿಂಗಳಿಗೊಮ್ಮೆ ಬೇರೆಡೆಗೆ ತೆಗೆದಿಡುವುದು ಇವಿಷ್ಟನ್ನು ಮಾಡಿಸಿದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ ನಿಯಮ ಇಲ್ಲಿಯೂ ಸಲ್ಲುತ್ತದೆ.

4. ಯಾವ ತಂತ್ರಾಂಶ, ಯಾವ ವ್ಯವಸ್ಥೆ?

ಪಿ.ಎಚ್.ಪಿ. ಭಾಷೆ ಹಾಗೂ ಮೈ-ಎಸ್‌ಕ್ಯೂಎಲ್ ದತ್ತಸಂಚಯವನ್ನು ಆಧರಿಸಿದ ತಂತ್ರಾಂಶಗಳು ಮಾತ್ರ ಹಂಚಿಕೆಯ ಖಾತೆಗೆ ಹೊಂದುತ್ತವೆ. ಲೈವ್ ಹೆಲ್ಪರ್ ಚಾಟ್ ಮತ್ತು ಮಿಬ್ಯೂ ಮೆಸೆಂಜರ್ ಎಂಬ ಮುಕ್ತ ತಂತ್ರಾಂಶಗಳು ಈ ವರ್ಗದವು. ಸಿಬ್ಬಂದಿಯ ಆಂತರಿಕ ಸಂವಹನಕ್ಕೆ ಹೆಸರಾದ ರಾಕೆಟ್.ಚಾಟ್, ಮ್ಯಾಟರ್‌ಮೋಸ್ಟ್, ಜುಲಿಪ್ ಇವು ಸದಾ ಚಾಲನೆಯಲ್ಲಿರುವ ತಮ್ಮದೇ ಸರ್ವರ್ ಕಾರ್ಯಕ್ರಮಗಳನ್ನು ಬೇಡುತ್ತವೆ. ಅವುಗಳನ್ನು ಹಂಚಿಕೆಯ ಖಾತೆಯಲ್ಲಿ ಕೂರಿಸುವ ಪ್ರಯತ್ನ ವ್ಯರ್ಥ. ಅಂತಹ ಅಗತ್ಯವಿದ್ದವರು ವರ್ಚುವಲ್ ಪ್ರೈವೇಟ್ ಸರ್ವರ್ ಎಂಬ ಪ್ರತ್ಯೇಕ ಭಾಗವನ್ನು ಬಾಡಿಗೆಗೆ ಪಡೆಯಬೇಕು. ಅದರ ಶುಲ್ಕದೊಂದಿಗೆ ಅದನ್ನು ನಿರ್ವಹಿಸುವ ತಂತ್ರಜ್ಞನ ಸಂಭಾವನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾರ್ಗವೂ ಇದೆ. ಜೋಹೋ ಸಂಸ್ಥೆಯ ಸೇಲ್ಸ್‌ಐಕ್ಯೂ ಮುಂತಾದ ಸೇವೆಗಳು ಒದಗಿಸುವ ಕೆಲವು ಸಾಲುಗಳ ಸಂಕೇತವನ್ನು ನಮ್ಮ ಪುಟಕ್ಕೆ ಅಂಟಿಸಿದರೆ ಚಾಟ್ ಹೊರೆ ಆ ಸಂಸ್ಥೆಯ ಸರ್ವರ್ ಮೇಲೆ ಬೀಳುತ್ತದೆ, ನಮ್ಮ ಖಾತೆಗೆ ತೊಂದರೆಯಿಲ್ಲ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಬಳಸಿ ಜಾಲತಾಣದಲ್ಲಿ ಅದರ ಕೊಂಡಿಯನ್ನಷ್ಟೇ ಕೊಡುವವರೂ ಇದ್ದಾರೆ. ಇಲ್ಲಿ ಹೊರೆ ತಪ್ಪುತ್ತದೆ. ಆದರೆ ಸಂಭಾಷಣೆಯ ದಾಖಲೆ ಪರರ ಕೈಯಲ್ಲಿರುತ್ತದೆ. ಸೇವೆ ನಿಂತರೆ, ದರ ಏರಿದರೆ ಅಥವಾ ದೂರವಾಣಿ ಕಳೆದುಹೋದರೆ ದಾಖಲೆಯ ಗತಿಯೇನು ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಏಕಕಾಲದ ಸಂಭಾಷಣೆಗಳು ನಾಲ್ಕೈದನ್ನು ಮೀರದ ಸಂಸ್ಥೆಗೆ ಮೇಲೆ ಹೇಳಿದ ಎಚ್ಚರಿಕೆಗಳೊಂದಿಗೆ ಹಂಚಿಕೆಯ ಖಾತೆ ಸಾಕಾಗಬಹುದು. ಅದನ್ನು ಮೀರಿದವರು ಇತರ ಮಾರ್ಗಗಳನ್ನು ಪರಿಶೀಲಿಸುವುದು ಲೇಸು.

5. ಚಾಟ್ ಮಾತು ಕರಾರಾಗುವ ಬಗೆ

ಹೊರೆಗಿಂತ ಹೊಣೆಯ ವಿಷಯವೇ ಹೆಚ್ಚು ಗಹನವಾದುದು. ಚಾಟ್ ಎಂಬುದು ಹರಟೆಯ ಹೆಸರಾದರೂ ಕಾನೂನಿನ ದೃಷ್ಟಿಯಲ್ಲಿ ಅದು ಬರಹ. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ ಸೆಕ್ಷನ್ 4ರ ಪ್ರಕಾರ, ನಂತರ ನೋಡಲು ಲಭ್ಯವಿರುವ ವಿದ್ಯುನ್ಮಾನ ದಾಖಲೆಯು ಲಿಖಿತ ರೂಪದ ಅಗತ್ಯವನ್ನು ಪೂರೈಸುತ್ತದೆ. 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ಸೆಕ್ಷನ್ 10-ಎ, ವಿದ್ಯುನ್ಮಾನ ವಿಧಾನದಲ್ಲಿ ಏರ್ಪಟ್ಟಿತು ಎಂಬ ಒಂದೇ ಕಾರಣಕ್ಕೆ ಕರಾರನ್ನು ಅಸಿಂಧು ಎನ್ನುವಂತಿಲ್ಲ ಎಂದು ಸ್ಪಷ್ಟಪಡಿಸಿದೆ.

ಸರ್ವೋಚ್ಚ ನ್ಯಾಯಾಲಯವು 2010ರ ಜನವರಿಯಲ್ಲಿ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಣ ಪ್ರಕರಣದಲ್ಲಿ ನೀಡಿದ ತೀರ್ಪು ಇಲ್ಲಿ ಉಲ್ಲೇಖನೀಯ. ಬಾಕ್ಸೈಟ್ ಪೂರೈಕೆಯ ಬಗ್ಗೆ 2007ರ ಅಕ್ಟೋಬರ್‌ನಲ್ಲಿ ಪ್ರಸ್ತಾವ ಮತ್ತು ಒಪ್ಪಿಗೆ ಇ-ಮೇಲ್ ಮೂಲಕ ವಿನಿಮಯವಾಗಿದ್ದವು. ಸಹಿ ಹಾಕಿದ ವಿಧ್ಯುಕ್ತ ಕರಾರು ಪತ್ರ ಇರಲಿಲ್ಲ. ಆದರೂ ಕರಾರು ಏರ್ಪಟ್ಟಿದೆ ಎಂದು ನ್ಯಾಯಾಲಯ ಹೇಳಿತು. ಇ-ಮೇಲ್‌ಗೆ ಸಲ್ಲುವ ತರ್ಕ ಚಾಟ್‌ಗೂ ಸಲ್ಲದೆ ಇರಲು ಕಾರಣವಿಲ್ಲ.

ಇದರ ಪರಿಣಾಮವನ್ನು ಮೇಲಿನ ಪಂಪು ಘಟಕದ ಉದಾಹರಣೆಯಲ್ಲಿಯೇ ನೋಡೋಣ. ಇಂಪೆಲ್ಲರ್ ಒಂದರ ದರ ರೂ. 584. ಚಾಟ್‌ನಲ್ಲಿ ಉತ್ತರಿಸುವ ಗುಮಾಸ್ತ ಅವಸರದಲ್ಲಿ ರೂ. 485 ಎಂದು ಬರೆದ. ವಿತರಕ "500 ನಗ ಕಳುಹಿಸಿ" ಎಂದ. ಗುಮಾಸ್ತ "ಆಯಿತು ಸರ್" ಎಂದು ಉತ್ತರಿಸಿದ. ವ್ಯತ್ಯಾಸ ನಗಕ್ಕೆ ರೂ. 99ರಂತೆ ಒಟ್ಟು ರೂ. 49,500. ವರ್ಷಕ್ಕೆ ರೂ. 3,600ರ ಖಾತೆಯಲ್ಲಿ ನಡೆದ ಎರಡು ನಿಮಿಷದ ಮಾತಿಗೆ ಹದಿಮೂರು ವರ್ಷಗಳ ಹೋಸ್ಟಿಂಗ್ ಶುಲ್ಕಕ್ಕಿಂತ ಹೆಚ್ಚಿನ ಬೆಲೆ. "ಕೈತಪ್ಪಿನಿಂದ ಆಯಿತು" ಎಂಬ ವಾದಕ್ಕೆ ಭಾರತೀಯ ಕರಾರು ಕಾಯಿದೆ, 1872ರ ಸೆಕ್ಷನ್ 22 ಅಡ್ಡಬರುತ್ತದೆ; ಒಬ್ಬ ಪಕ್ಷಕಾರ ಮಾತ್ರ ಸಂಗತಿಯ ಬಗ್ಗೆ ತಪ್ಪು ತಿಳಿದಿದ್ದ ಎಂಬಷ್ಟಕ್ಕೇ ಕರಾರು ರದ್ದತಿಗೆ ಅರ್ಹವಾಗುವುದಿಲ್ಲ. "ಗುಮಾಸ್ತನಿಗೆ ದರ ಹೇಳುವ ಅಧಿಕಾರವಿರಲಿಲ್ಲ" ಎಂಬ ವಾದಕ್ಕೆ ಸೆಕ್ಷನ್ 237 ಎದುರಾಗುತ್ತದೆ. ಅಧಿಕಾರವಿದೆ ಎಂದು ನಂಬುವಂತೆ ಹೊರಗಿನವರಿಗೆ ತೋರಿಸಿಕೊಂಡ ಮಾಲೀಕ ಅದಕ್ಕೆ ಬದ್ಧನಾಗುತ್ತಾನೆ.

ತಾನಾಗಿ ಉತ್ತರಿಸುವ ಯಾಂತ್ರಿಕ ಚಾಟ್ ಅಳವಡಿಸಿದವರಿಗೂ ವಿನಾಯಿತಿ ಇಲ್ಲ. ನಮ್ಮ ಪರವಾಗಿ ತಾನಾಗಿ ಕೆಲಸ ಮಾಡುವಂತೆ ಹೊಂದಿಸಿದ ವ್ಯವಸ್ಥೆ ಕಳುಹಿಸಿದ ಸಂದೇಶವೂ ನಮ್ಮದೇ ಎಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ ಸೆಕ್ಷನ್ 11 ಹೇಳುತ್ತದೆ. 2024ರ ಫೆಬ್ರವರಿಯಲ್ಲಿ ಕೆನಡಾದ ಒಂದು ನ್ಯಾಯಮಂಡಳಿಯು, ಏರ್ ಕೆನಡಾ ಸಂಸ್ಥೆಯ ಯಾಂತ್ರಿಕ ಚಾಟ್ ಪ್ರಯಾಣದರದ ರಿಯಾಯಿತಿಯ ಬಗ್ಗೆ ಕೊಟ್ಟ ತಪ್ಪು ಮಾಹಿತಿಗೆ ಆ ಸಂಸ್ಥೆಯೇ ಹೊಣೆ ಎಂದು ಪರಿಹಾರ ಕೊಡಿಸಿತು.

ಸಣ್ಣ ತಯಾರಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಖರೀದಿದಾರನು ಲಿಖಿತ ಒಪ್ಪಂದದ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. ಸರಕಿನ ಬಗ್ಗೆ ತಲುಪಿದ ದಿನದಿಂದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಂದರೆ ಈ ಅವಧಿಯ ಲೆಕ್ಕ ಬದಲಾಗುತ್ತದೆ. ಹನ್ನೆರಡನೆಯ ದಿನ ಖರೀದಿದಾರನು ಚಾಟ್ ಪೆಟ್ಟಿಗೆಯಲ್ಲಿ "ಮಾಲಿನಲ್ಲಿ ದೋಷವಿದೆ" ಎಂದು ಬರೆದರೆ ಅದನ್ನು ಲಿಖಿತ ಆಕ್ಷೇಪಣೆ ಎಂದು ವಾದಿಸಲು ಅವಕಾಶವಿದೆ. ಆ ಸಂದೇಶವನ್ನು ಯಾರೂ ಓದದೆ ಬಿಟ್ಟರೆ ನಷ್ಟ ನಮಗೇ.

ಆದ್ದರಿಂದ ಚಾಟ್ ಪೆಟ್ಟಿಗೆಯ ಆರಂಭದಲ್ಲಿಯೇ ಕೆಳಗಿನಂತಹ ಸೂಚನೆ ಕಾಣುವಂತಿರಲಿ: "ಇಲ್ಲಿ ತಿಳಿಸುವ ದರ ಮತ್ತು ಲಭ್ಯತೆ ಮಾಹಿತಿಗಾಗಿ ಮಾತ್ರ. ನಮ್ಮ ಅಧಿಕೃತ ಕೊಟೇಶನ್ ಹಾಗೂ ಇ-ಮೇಲ್ ಮೂಲಕ ಆದೇಶದ ದೃಢೀಕರಣದ ನಂತರವೇ ವ್ಯವಹಾರ ಪೂರ್ಣಗೊಳ್ಳುತ್ತದೆ. ಸರಕಿನ ಬಗೆಗಿನ ದೂರುಗಳನ್ನು ನಿಗದಿತ ಇ-ಮೇಲ್ ವಿಳಾಸಕ್ಕೆ ಕಳುಹಿಸಿ." ಸೂಚನೆ ಹಾಕಿದರೆ ಸಾಲದು, ಸಿಬ್ಬಂದಿಯೂ ಹಾಗೆಯೇ ನಡೆದುಕೊಳ್ಳಬೇಕು. ಪ್ರತಿ ಬಾರಿ ಚಾಟ್‌ನಲ್ಲಿಯೇ ಆದೇಶ ಸ್ವೀಕರಿಸಿ ಸರಕು ರವಾನಿಸುವವರಿಗೆ ಸೂಚನಾ ಫಲಕ ರಕ್ಷಣೆ ಕೊಡಲಾರದು.

6. ದಾಖಲೆ ಮತ್ತು ಸಾಕ್ಷ್ಯ

ಚಾಟ್ ನಮ್ಮ ವಿರುದ್ಧ ಸಾಕ್ಷಿಯಾಗುವಂತೆ ನಮ್ಮ ಪರವಾಗಿಯೂ ಸಾಕ್ಷಿಯಾಗಬಲ್ಲದು. ದಾಖಲೆ ಉಳಿದಿದ್ದರೆ ಮಾತ್ರ. ಹಂಚಿಕೆಯ ಖಾತೆಯ ದೌರ್ಬಲ್ಯ ಇರುವುದು ಇಲ್ಲಿ. ನವೀಕರಣ ಶುಲ್ಕ ಕಟ್ಟುವುದು ತಪ್ಪಿದರೆ ಖಾತೆಯ ದತ್ತಾಂಶ ಅಳಿಸಿಹೋಗಬಹುದು. ಹೋಸ್ಟಿಂಗ್ ಸಂಸ್ಥೆಯ ಬ್ಯಾಕಪ್ ಕೆಲವು ದಿನಗಳಿಗೆ ಸೀಮಿತವಾಗಿರಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63, ಹಿಂದಿನ ಸಾಕ್ಷ್ಯ ಕಾಯಿದೆಯ ಸೆಕ್ಷನ್ 65-ಬಿ ಸ್ಥಾನದಲ್ಲಿ ಬಂದಿದೆ. ಚಾಟ್‌ನ ಮುದ್ರಿತ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಲಗತ್ತಿಸಬೇಕು. ಅದರ ಮೊದಲ ಭಾಗವನ್ನು ದಾಖಲೆ ಹಾಜರುಪಡಿಸುವವರು, ಎರಡನೆಯ ಭಾಗವನ್ನು ತಜ್ಞರು ಭರ್ತಿ ಮಾಡಬೇಕು. ದಾಖಲೆಯ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಒಳಗಿನ ಅಕ್ಷರಗಳಿಂದ ಲೆಕ್ಕ ಹಾಕಿದ ಒಂದು ಗುರುತು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಗುರುತು ಬದಲಾಗುತ್ತದೆ.

2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂದಿನ ಕಾಯಿದೆಯಡಿ ಪ್ರಮಾಣಪತ್ರ ಕಡ್ಡಾಯವೆಂದು ಹೇಳುತ್ತ, ಮೂಲ ಸಾಧನವನ್ನೇ ಅದರ ಒಡೆಯ ನ್ಯಾಯಾಲಯಕ್ಕೆ ತಂದು ಸಾಕ್ಷ್ಯ ನುಡಿದರೆ ಅದರ ಅಗತ್ಯವಿಲ್ಲ ಎಂದಿತ್ತು. ಮೇಜಿನ ಮೇಲಿನ ಗಣಕಯಂತ್ರವನ್ನೋ ದೂರವಾಣಿಯನ್ನೋ ತರಬಹುದು. ಹತ್ತಾರು ಸಂಸ್ಥೆಗಳ ಜಾಲತಾಣಗಳಿರುವ ಸರ್ವರ್ ಅನ್ನು ತರುವುದು ಅಸಾಧ್ಯ. ಅದರ ಒಡೆಯರೂ ನಾವಲ್ಲ. ಆದುದರಿಂದ ಪ್ರತಿ ತಿಂಗಳ ಕೊನೆಗೆ ಸಂಭಾಷಣೆಗಳನ್ನು ನಮ್ಮ ಕಚೇರಿಯ ಗಣಕಯಂತ್ರಕ್ಕೆ ಇಳಿಸಿಕೊಂಡು, ದಿನಾಂಕ, ಇಳಿಸಿಕೊಂಡವರ ಹೆಸರು ಮತ್ತು ಹ್ಯಾಶ್ ಮೌಲ್ಯವನ್ನು ಒಂದು ವಹಿಯಲ್ಲಿ ಬರೆದಿಡುವ ಪದ್ಧತಿ ಇರಲಿ. ವ್ಯಾಜ್ಯ ಬಂದ ದಿನ ಪ್ರಮಾಣಪತ್ರಕ್ಕೆ ಸಹಿ ಹಾಕುವವರಿಗೆ ಈ ವಹಿಯೇ ಆಧಾರ.

ಎಷ್ಟು ಕಾಲ ಇಡಬೇಕು? ಸರಕಿನ ಬೆಲೆ ವಸೂಲಿ ದಾವೆಗೆ ಕಾಲಮಿತಿ 3 ವರ್ಷ. ಜಿ.ಎಸ್.ಟಿ. ಕಾಯಿದೆಯ ಸೆಕ್ಷನ್ 36ರಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಕಂಪನಿಗಳಿಗೆ ಈ ಅವಧಿ 8 ಆರ್ಥಿಕ ವರ್ಷಗಳು. ದರ ವ್ಯತ್ಯಾಸ, ರಿಯಾಯಿತಿ, ಕ್ರೆಡಿಟ್ ನೋಟ್ ಇತ್ಯಾದಿಗಳಿಗೆ ಕಾರಣವಾದ ಸಂಭಾಷಣೆಗಳನ್ನು ಆಯಾ ಬಿಲ್ಲಿನೊಂದಿಗೆ ಇಷ್ಟೇ ಅವಧಿಗೆ ಉಳಿಸುವುದು ವಿವೇಕ.

7. ಗ್ರಾಹಕರ ಮಾಹಿತಿಯ ರಕ್ಷಣೆ

ಎಲ್ಲವನ್ನೂ ಸದಾಕಾಲ ಉಳಿಸುವುದೂ ಸರಿಯಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಕರ್ತವ್ಯಗಳು 18 ತಿಂಗಳ ನಂತರ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಚಾಟ್ ಪೆಟ್ಟಿಗೆಯಲ್ಲಿ ಕೇಳುವ ಹೆಸರು, ಮೊಬೈಲ್ ಸಂಖ್ಯೆ, ಇ-ಮೇಲ್ ಎಲ್ಲವೂ ವೈಯಕ್ತಿಕ ದತ್ತಾಂಶವೇ. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನಂತೆ ಉಳಿಸಬೇಕಾಗಿಲ್ಲದಿದ್ದರೆ, ಅಳಿಸಬೇಕು. ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ರೂ. 250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

ಎರಡು ಕಡತಗಳ ಪದ್ಧತಿ ಇದಕ್ಕೆ ಸುಲಭ ಉಪಾಯ. ಆದೇಶ, ದರ, ದೂರು, ಪಾವತಿಗೆ ಸಂಬಂಧಿಸಿದ ಸಂಭಾಷಣೆಗಳು ಒಂದರಲ್ಲಿ. ಬರಿಯ ವಿಚಾರಣೆಗಳು ಇನ್ನೊಂದರಲ್ಲಿ. ಮೊದಲನೆಯದು ಎಂಟು ವರ್ಷ, ಎರಡನೆಯದು ಆರು ತಿಂಗಳು ಎಂಬಂತೆ ಸಂಸ್ಥೆಯೇ ನಿಯಮ ಮಾಡಿಕೊಳ್ಳಬಹುದು.

ಭದ್ರತೆಯ ಬಗ್ಗೆ ಜಾಲತಾಣ ನಿರ್ವಾಹಕರಿಗೆ ಈ ಸೂಚನೆಗಳನ್ನು ಕೊಡಿ: ಸಂಭಾಷಣೆಯ ಕಡತಗಳು ಸಾರ್ವಜನಿಕರು ತೆರೆಯಬಹುದಾದ ಕೋಶದಲ್ಲಿ ಇರಕೂಡದು. ಜಾಲತಾಣ ಎಚ್‌ಟಿಟಿಪಿಎಸ್ ಮೂಲಕವೇ ತೆರೆಯಬೇಕು. ತಂತ್ರಾಂಶದ ಪರಿಷ್ಕೃತ ಆವೃತ್ತಿಗಳನ್ನು ಕಾಲಕಾಲಕ್ಕೆ ಹಾಕಬೇಕು. ಅಪರಿಚಿತರು ಕಡತ ಲಗತ್ತಿಸುವ ಸೌಲಭ್ಯವನ್ನು ಮುಚ್ಚಿರಬೇಕು. ಕೆಲಸ ಬಿಟ್ಟ ಸಿಬ್ಬಂದಿಯ ಪಾಸ್‌ವರ್ಡ್ ಅದೇ ದಿನ ರದ್ದಾಗಬೇಕು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು 2022ರ ಸೆಪ್ಟೆಂಬರ್ 25ರಿಂದ ಸಣ್ಣ ಉದ್ಯಮಗಳಿಗೂ ಅನ್ವಯವಾಗಿದೆ.

8. ತೆರಿಗೆ ಮತ್ತು ಲೆಕ್ಕಪತ್ರ

ವಾರ್ಷಿಕ ಹೋಸ್ಟಿಂಗ್ ಶುಲ್ಕ ರಾಜಸ್ವ ವೆಚ್ಚ. ರಿಯಾಯಿತಿಗಾಗಿ ಮೂರು ವರ್ಷಗಳ ಶುಲ್ಕವನ್ನು ಒಮ್ಮೆಗೇ ಕಟ್ಟಿದರೆ ಹಂಚಿಕೆ ಮಾಡಬೇಕು. ಅಕ್ಟೋಬರ್ 1ರಂದು ರೂ. 10,800 ಕಟ್ಟಿದರೆ ಆ ವರ್ಷದ ಮಾರ್ಚ್ 31ಕ್ಕೆ ಆರು ತಿಂಗಳ ರೂ. 1,800 ಮಾತ್ರ ವೆಚ್ಚ, ಉಳಿದ ರೂ. 9,000 ಮುಂಗಡ ಪಾವತಿ. ಇದರ ಮೇಲಿನ ಶೇ. 18ರ ಜಿ.ಎಸ್.ಟಿ. ರೂ. 1,944ಕ್ಕೆ ಅರ್ಹ ನೋಂದಾಯಿತರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು.

ವಿದೇಶಿ ಸಂಸ್ಥೆಯಿಂದ ಹೋಸ್ಟಿಂಗ್ ಅಥವಾ ಚಾಟ್ ಸೇವೆ ಪಡೆದ ನೋಂದಾಯಿತರು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಐ.ಜಿ.ಎಸ್.ಟಿ.ಯನ್ನು ನಗದು ಖಾತೆಯಿಂದಲೇ ಕಟ್ಟಿ, ನಂತರ ಜಮೆ ಪಡೆಯಬೇಕು. ಕ್ರೆಡಿಟ್ ಕಾರ್ಡಿನಿಂದ ತಿಂಗಳಿಗೆ ಕೆಲವೇ ಡಾಲರ್ ಪಾವತಿಯಾಗುವ ಕಾರಣ ಇದು ಲೆಕ್ಕಪತ್ರದಲ್ಲಿ ಕಣ್ತಪ್ಪುವ ಸಂಭವ ಹೆಚ್ಚು. ಕಾಂಪೋಸಿಷನ್ ವರ್ತಕರು ತೆರಿಗೆ ಕಟ್ಟಬೇಕು, ಜಮೆ ಮಾತ್ರ ಸಿಗದು. ಸೇವೆ ಖರೀದಿಸುವಾಗ ಜಿ.ಎಸ್.ಟಿ. ಸಂಖ್ಯೆಯನ್ನು ತಪ್ಪದೆ ನಮೂದಿಸಿ.

ಇವೆಲ್ಲಕ್ಕಿಂತ ದೊಡ್ಡ ವೆಚ್ಚ ಉತ್ತರಿಸುವ ಸಿಬ್ಬಂದಿಯ ಸಮಯ. ಉತ್ತರಿಸುವವರಿಲ್ಲದ ಚಾಟ್ ಪೆಟ್ಟಿಗೆ, ಬಾಗಿಲು ತೆರೆದಿದ್ದೂ ಗಲ್ಲೆಯ ಮೇಲೆ ಯಾರೂ ಇಲ್ಲದ ಅಂಗಡಿಯಂತೆ. ಕೆಲಸದ ವೇಳೆಯಲ್ಲಿ ಮಾತ್ರ ಚಾಟ್ ತೆರೆದಿದ್ದು, ಉಳಿದ ವೇಳೆ ಇ-ಮೇಲ್ ಕಳುಹಿಸುವ ನಮೂನೆ ಕಾಣುವಂತೆ ಹೊಂದಿಸಿ.

9. ಅಳವಡಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1) ಹೋಸ್ಟಿಂಗ್ ಸಂಸ್ಥೆಯ ಷರತ್ತುಗಳಲ್ಲಿ ಚಾಟ್‌ಗೆ ನಿಷೇಧವಿದೆಯೇ? ಇಲ್ಲವೆಂಬ ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯಿರಿ.
2) ಎಂಟ್ರಿ ಪ್ರೋಸೆಸ್ ಮತ್ತು ಮೆಮೊರಿ ಮಿತಿ ಎಷ್ಟು? ಗಂಟೆಗೆ ಎಷ್ಟು ಇ-ಮೇಲ್ ಕಳುಹಿಸಬಹುದು?
3) ಚಾಟ್ ಪೆಟ್ಟಿಗೆ ಒತ್ತುವ ಮೊದಲೇ ವಿಚಾರಣೆ ಆರಂಭವಾಗುತ್ತದೆಯೇ? ಅಂತರ ಎಷ್ಟು ಸೆಕೆಂಡು?
4) ಸಂಭಾಷಣೆಗಳನ್ನು ನಾವೇ ಇಳಿಸಿಕೊಳ್ಳಬಹುದೇ, ಯಾವ ರೂಪದಲ್ಲಿ?
5) ಸಂಸ್ಥೆಯ ಇ-ಮೇಲ್ ಅದೇ ಖಾತೆಯಲ್ಲಿದೆಯೇ? ಇದ್ದರೆ ಬೇರ್ಪಡಿಸಲು ಸಾಧ್ಯವೇ?
6) ದರ ಹೇಳುವ ಅಧಿಕಾರ ಯಾವ ಸಿಬ್ಬಂದಿಗೆ, ಎಷ್ಟು ಮೊತ್ತದವರೆಗೆ?
7) ಚಾಟ್‌ನಲ್ಲಿ ಬಂದ ದೂರನ್ನು ಯಾರು, ಎಷ್ಟು ಹೊತ್ತಿನೊಳಗೆ ನೋಡುತ್ತಾರೆ?

ಉಪಸಂಹಾರ

ಹಂಚಿಕೆಯ ಖಾತೆಯಲ್ಲಿ ಚಾಟ್ ನಡೆಸುವುದು ಸಾಧ್ಯ, ಸಣ್ಣ ಪ್ರಮಾಣದಲ್ಲಿ ಲಾಭದಾಯಕವೂ ಹೌದು. ಆದರೆ ಖಾತೆಯ ಮಿತಿ ಅರಿತು ಹೊರೆಯನ್ನು ತಗ್ಗಿಸಬೇಕು. ಆದೇಶದ ಅಂತಿಮ ಮಾತನ್ನು ಚಾಟ್‌ನಿಂದ ಹೊರಗೆ, ಇ-ಮೇಲ್ ದೃಢೀಕರಣದಲ್ಲಿ ಇಡಬೇಕು. ಸಂಭಾಷಣೆಯ ಪ್ರತಿಯನ್ನು ನಮ್ಮ ಕಚೇರಿಯಲ್ಲಿ ಕಾಪಾಡಬೇಕು. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವರೂ ಖಾತೆ ಪುಸ್ತಕವನ್ನು ತಮ್ಮ ಸುಪರ್ದಿಯಲ್ಲಿಯೇ ಇಟ್ಟುಕೊಳ್ಳುತ್ತಾರೆ. ಸದಸ್ಯ ಬಾಂಧವರು ತಮ್ಮ ಜಾಲತಾಣದಲ್ಲಿ ಈಗಾಗಲೇ ಚಾಟ್ ಇದ್ದರೆ, ಈ ತಿಂಗಳೇ ಒಮ್ಮೆ ಮೇಲಿನ ಏಳು ಪ್ರಶ್ನೆಗಳಿಗೆ ಉತ್ತರ ಬರೆದು ನೋಡುವುದು ಒಳಿತು. ನಿರ್ದಿಷ್ಟ ವ್ಯಾಜ್ಯ ಅಥವಾ ತೆರಿಗೆ ಪ್ರಶ್ನೆಗಳಿದ್ದಲ್ಲಿ ಪೂರ್ಣ ದಾಖಲೆಗಳೊಂದಿಗೆ ತಮ್ಮ ಲೆಕ್ಕಪರಿಶೋಧಕರನ್ನು ಅಥವಾ ವಕೀಲರನ್ನು ಸಂಪರ್ಕಿಸತಕ್ಕದ್ದು.